ಪುಟಕ್ಕೊಂದು ಪದ

ನಮ್ಮ ಪ್ರಕಾಶನದಲ್ಲಿ ಇರುವುದು ಒಂದು ಕೋಣೆ, ಎರಡು ಕುರ್ಚಿ, ಒಬ್ಬನೇ ಮನುಷ್ಯ. ಆ ಮಹಾನುಭಾವ ನಾನೇ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಲೇಖಕ, ಬಾಗಿಲ ಪಕ್ಕದ್ದರಲ್ಲಿ ಕೂತರೆ ಪ್ರಕಾಶಕ. ಈ ಏರ್ಪಾಡು ನನ್ನ ಹೆಂಡತಿಯದು. ಕಂಡವರ ಇ-ಪುಸ್ತಕ ಮಾಡುತ್ತಾ ನನ್ನ ಕಾದಂಬರಿ ಮೂಲೆಗೆ ಬಿತ್ತು ಎಂದು ನಾನು ಗೊಣಗುವುದನ್ನು ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

"ಎರಡು ದೋಣಿಲಿ ಕಾಲಿಟ್ರೆ ಇದೇ ಗತಿ. ಬೆಳಗ್ಗೆ ಆ ಕುರ್ಚಿ, ಮಧ್ಯಾಹ್ನ ಈ ಕುರ್ಚಿ. ಅಲ್ಲಿನ ಮಾತು ಇಲ್ಲಿಗೆ ತರಬೇಡಿ" ಎಂದಳು.

ತರಲಿಲ್ಲ. ಅದೇ ಎಡವಟ್ಟಾಯಿತು. ಒಂದು ಬೆಳಗ್ಗೆ ಲೇಖಕ ಹದಿನೇಳು ಅಧ್ಯಾಯಗಳನ್ನು ಪ್ರಕಾಶಕನಿಗೆ ಮೇಲ್ ಮಾಡಿದ. ತಕ್ಷಣ ಉತ್ತರ ಬಂತು: 'ತಮ್ಮ ಹಸ್ತಪ್ರತಿ ತಲುಪಿದೆ. ಸರದಿಯಂತೆ ನೋಡಲಾಗುವುದು. ದಯವಿಟ್ಟು ವಿಚಾರಿಸಬೇಡಿ.' ಕಾಟ ಕೊಡುವವರನ್ನು ಸಾಗಹಾಕಲು ನಾನೇ ಬರೆದಿಟ್ಟ ಉತ್ತರವದು. ಓದಿ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಕುರ್ಚಿ ಬದಲಿಸಿ ನೋಡಿದೆ. ನನಗಿಂತ ಮುಂದೆ ಮೂವತ್ತೆಂಟು ಜನ. ನಮ್ಮವನೇ ಎಂದು ಒಬ್ಬನನ್ನು ಮುಂದೆ ಬಿಟ್ಟರೆ ಉಳಿದವರಿಗೆ ಯಾವ ಮುಖ ತೋರಿಸಲಿ? ಆಗಲ್ಲ ಎಂದು ಬರೆದೆ. ಮರುದಿನ ಲೇಖಕ ಕೆಂಡಾಮಂಡಲವಾಗಿ ಪತ್ರ ಹಾಕಿದ. ಅದರ ಭಾಷೆ ನೋಡಿ ಪ್ರಕಾಶಕನಿಗೆ ಬೇಜಾರಾಯಿತು.

ಹೀಗೆ ಮೂರು ವಾರ ಪತ್ರಯುದ್ಧ ನಡೆಯಿತು. ಊಟದ ಹೊತ್ತಿಗೆ ಹೆಂಡತಿ ತಟ್ಟೆ ಹಿಡಿದು, "ಇವತ್ತು ಯಾರಿಗೆ ಬಡಿಸ್ಲಿ?" ಎಂದು ಕೇಳತೊಡಗಿದಳು.

ಇದನ್ನೆಲ್ಲ ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದವಳು ನನ್ನ ಅಕ್ಕ. ನಾನು ಬರೆದ ಮೊದಲ ಸಾಲಿನಿಂದ ಎಲ್ಲವನ್ನೂ ಓದಿದವಳು. ಅವಳ ಕಣ್ಣು ಮಂಜಾಗುತ್ತಿತ್ತು. ದೃಷ್ಟಿ ಉಳಿಯುವುದು ಹೆಚ್ಚೆಂದರೆ ಇನ್ನೆರಡು ತಿಂಗಳು ಎಂದು ಡಾಕ್ಟರು ಕೈಚೆಲ್ಲಿದ್ದರು. ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಬಹುದಲ್ಲ, ಅದೊಂದೇ ಅವಳಿಗೆ ಉಳಿದ ದಾರಿ. ಓದಿ ಹೇಳುತ್ತೇನೆ ಎಂದರೆ ಒಪ್ಪಲಿಲ್ಲ. "ನಿನ್ನ ದನೀಲಿ ಎಲ್ಲಾನೂ ಚೆನ್ನಾಗೇ ಕೇಳ್ಸುತ್ತೆ. ನಾನೇ ಓದ್ಬೇಕು."

ಒಂದು ಮಧ್ಯಾಹ್ನ ಗೋಡೆ ಸವರುತ್ತಾ ಬಂದು ಬಾಗಿಲ ಪಕ್ಕದ ಕುರ್ಚಿಯೆದುರು ನಿಂತಳು. "ಸರದಿ ಅಂತೆ, ಸರದಿ. ಆ ಮೂವತ್ತೆಂಟು ಜನಕ್ಕೆ ಕಣ್ಣಿದೆ ಕಣೋ" ಎಂದಳು. ಪ್ರಕಾಶಕ ಅಂದೇ ಸಂಜೆ ಪುಸ್ತಕ ಸಿದ್ಧಮಾಡಿದ.

ಅಕ್ಷರವನ್ನು ಅವಳಿಗೆ ಕಾಣುವಷ್ಟು ದೊಡ್ಡದು ಮಾಡಿದಾಗ ಟ್ಯಾಬಿನ ಪರದೆಯಲ್ಲಿ ಹಿಡಿಸಿದ್ದು ಒಂದೇ ಪದ. ಪುಟಕ್ಕೊಂದು ಪದ, ಪದಕ್ಕೊಮ್ಮೆ ಹೆಬ್ಬೆರಳಿನ ಒತ್ತು. ಮೂರನೇ ದಿನ ಕರೆದಳು.

"'ಅತ್ಯಂತ' ಅಂತ ಒಂದು ಪುಟ. 'ಸುಂದರವಾದ' ಅಂತ ಒಂದು. 'ಮನೋಹರವಾದ' ಅಂತ ಇನ್ನೊಂದು. ಕೊನೆಗೆ 'ಮರ' ಬಂತು. ಒಂದು ಮರ ತೋರ್ಸೋಕೆ ಇಷ್ಟು ದೂರ ನಡೆಸ್ತಾರೇನೋ?"

ನಾನು ನಾಚಿ ನೀರಾದೆ. ಬರೆಯತೊಡಗಿದ ಹನ್ನೊಂದು ವರ್ಷದಲ್ಲಿ ಯಾವ ವಿಮರ್ಶಕನೂ ಹೇಳದ್ದನ್ನು ಅವಳ ಹೆಬ್ಬೆರಳು ಹೇಳಿತ್ತು. ಅಂದಿನಿಂದ ಅವಳು ಓದುತ್ತಾ ಬರುವ ಮುಂಚೆಯೇ ಓಡಿಹೋಗಿ ದಾರಿಯ ಕಸ ಗುಡಿಸುವುದೇ ನನ್ನ ಕೆಲಸವಾಯಿತು. ಅಕ್ಷರ ಇನ್ನೂ ಹಿಗ್ಗಿ ಉದ್ದದ ಪದಗಳು ಎರಡು ಪುಟಕ್ಕೆ ಸೀಳಿಹೋದಾಗ ಅವನ್ನೂ ಕಿತ್ತೆಸೆದೆ. ಏಳಕ್ಷರದ ಹೆಸರಿನ ನಾಯಕಿ ಬರೀ 'ಅವಳು' ಆದಳು. ಹದಿನೇಳು ಅಧ್ಯಾಯ ಆರಕ್ಕಿಳಿಯಿತು. ಎರಡು ಕುರ್ಚಿಗಳ ನಡುವೆ ಮೊದಲ ಬಾರಿ ಒಮ್ಮತ ಮೂಡಿತು.

ಕೊನೆಯ ಅಧ್ಯಾಯದ ದಿನ ಅಕ್ಕ ಬೆಳಕಿಗೆಂದು ಲೇಖಕನ ಕುರ್ಚಿಯಲ್ಲಿ ಕೂತಳು. ಕಿಟಕಿಯ ಪರದೆ ಸರಿಸು ಎಂದು ಎರಡು ಸಲ ಹೇಳಿದಳು. ಎರಡು ಸಲವೂ ಅದು ಸರಿದೇ ಇತ್ತು. ನಾನು ಪ್ರಕಾಶಕನ ಕುರ್ಚಿಯಲ್ಲಿ ಉಗುರು ಕಚ್ಚುತ್ತಾ ಕೂತೆ. ಕಥೆಯಲ್ಲಿ ನಾಯಕಿ ಬಿಟ್ಟುಹೋದ ಮನೆಗೆ ವಾಪಸು ಬಂದಿದ್ದಳು.

"ಅವಳು" ಎಂದಳು ಅಕ್ಕ. ಒತ್ತಿದಳು. "ಬಾಗಿಲು." ಒತ್ತಿದಳು. ಸ್ವಲ್ಪ ಹೊತ್ತು ಹಿಡಿಯಿತು. "ತೆರೆದಳು." ಮತ್ತೆ ಒತ್ತಿದಳು. ಹತ್ತಿರ ಹಿಡಿದಳು, ದೂರ ಹಿಡಿದಳು.

"ಬರೀ ಬಿಳಿ ಕಣೋ. ಮುಗೀತಾ?"

ಎದ್ದು ಹೋಗಿ ನೋಡಿದೆ. ಪರದೆಯ ತುಂಬ 'ಒಳಗೆ' ಎಂಬ ಪದ ಕಪ್ಪಗೆ ನಿಂತಿತ್ತು. ಅದೂ ಸೇರಿ ಇನ್ನೂ ನಲವತ್ತೆರಡು ಪದಗಳಿದ್ದವು. ಕಣ್ಣೀರು ಅವಳ ಕೈಮೇಲೆ ಬೀಳದಂತೆ ಹಿಂದೆ ಸರಿದೆ.

"ಮುಗೀತು ಅಕ್ಕ."

"ಒಳ್ಳೇದಾಯ್ತು. ಬಾಗಿಲು ತೆರೆದ ಮೇಲೂ ನೀನು ಭಾಷಣ ಬಿಗೀತೀಯೇನೋ ಅಂತ ಹೆದರಿದ್ದೆ. ಇದು ನೀನು ಬರೆದಿರೋದ್ರಲ್ಲೆಲ್ಲ ಚೆನ್ನಾಗಿದೆ" ಎಂದು ಟ್ಯಾಬನ್ನು ಮಡಿಲಲ್ಲಿ ಮಗುಚಿಟ್ಟಳು.

ಮರುದಿನ ಮಧ್ಯಾಹ್ನ ಪ್ರಕಾಶಕ ಆ ನಲವತ್ತೆರಡು ಪದಗಳನ್ನು ಅಳಿಸಿ ಪುಸ್ತಕ ಹೊರತಂದ. ಲೇಖಕ ತಕರಾರು ಪತ್ರ ಬರೆಯಲಿಲ್ಲ.