ಊಟದ ಪಾಲು

"ಉಸಿರು ಬಿಡು."

"ಬಿಟ್ಟಿದೀನಲ್ಲ ಅಕ್ಕ."

"ಶಹೋದತ್, ನಿನ್ನ ಮುಖ ಬದನೇಕಾಯಿ ಬಣ್ಣಕ್ಕೆ ತಿರುಗ್ತಿದೆ. ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ನಾನು ಯಾರ ಅಳತೆ ತಗೊಳ್ಳಲಿ? ನಿಂದೋ, ನಿನ್ನ ಆಸೇದೋ?"

ಮರ್ಗಿಲಾನ್ ಪಟ್ಟಣದ ಹಳೇ ರೇಷ್ಮೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ತುರ್ಸುನೋಯ್‌ಗೆ ಬೆಳಗಾದರೆ ಇದೇ ಗೋಳು. ಬಂದವರೆಲ್ಲ ಉಸಿರು ಹಿಡಿದು ನಿಲ್ಲುತ್ತಾರೆ. ಅಷ್ಟು ಸಾಲದೆಂದು, "ಇನ್ನೆರಡು ಬೆರಳು ಕಮ್ಮಿ ಮಾಡಿ ಹೊಲಿ, ಮದುವೆ ಹೊತ್ತಿಗೆ ಇಳೀತೀನಿ" ಅನ್ನುತ್ತಾರೆ. ಇಳಿಯುವುದಿಲ್ಲ. ಮದುವೆಯ ಮನೆಯಲ್ಲಿ ಪಲೋವ್ ಉಂಡು ಏಳುವಾಗ ಹೊಲಿಗೆ ಬಿಡುತ್ತದೆ, ಮರುದಿನ ಬಂದು ತುರ್ಸುನೋಯ್‌ಳ ಜನ್ಮ ಜಾಲಾಡುತ್ತಾರೆ.

ಅವಳಿಗೆ ಈ ಕೆಲಸ ಕಲಿಸಿದ್ದು ಅತ್ತೆ. ಆಕೆ ಟೇಪು ಮುಟ್ಟಿದವಳಲ್ಲ. ಬಿಳಿ ನೂಲು ಸುತ್ತಿ ಗಂಟು ಹಾಕಿದರೆ ಅಳತೆ ಮುಗಿಯಿತು. ಪ್ರತಿ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡುತ್ತಿದ್ದಳು. ಅದಕ್ಕೆ ಆಕೆ ಇಟ್ಟ ಹೆಸರು ಊಟದ ಪಾಲು. ಹೆಣ್ಣು ಉಣ್ಣುತ್ತಾಳೆ, ಬಸುರಾಗುತ್ತಾಳೆ, ಮುದುಕಿಯಾಗುತ್ತಾಳೆ, ಬಟ್ಟೆ ಅವಳ ಜೊತೆ ಬರಬೇಕು ಅನ್ನುವುದು ಆಕೆಯ ವಾದ. ಈಗ ಬರುವವರಿಗೆ ಆ ಪಾಲೇ ಬೇಡ, ಒಳಗಿನ ಎರಡು ಬೆರಳೂ ದಪ್ಪ ಕಾಣಿಸುತ್ತದಂತೆ.

"ತೊಂಬತ್ತೆಂಟು ಸೆಂಟಿಮೀಟರ್!" ತುರ್ಸುನೋಯ್ ಬೀದಿಗೆ ಕೇಳುವಂತೆ ಕೂಗಿದಳು. "ಬರ್ಕೋ ನಫೀಸಾ. ಹೋದ ವರ್ಷ ತೊಂಬತ್ತೈದಿತ್ತು. ಶಹೋದತ್ ಮೇಡಂ ಸ್ಕೂಲಲ್ಲಿ ಮಕ್ಕಳಿಗೆ ಕೂಡೋ ಲೆಕ್ಕ ಕಲಿಸ್ತಾ ತಾವೂ ಕೂಡ್ಕೊಂಡಿದಾರೆ."

ಮೂಲೆಯಲ್ಲಿ ಕೂತಿದ್ದ ಮಗಳು ಬರೆದುಕೊಂಡಳು. ಎಂಟು ವರ್ಷದವಳಿದ್ದಾಗಿನಿಂದ ಅಳತೆ ಪುಸ್ತಕ ಅವಳ ಕೈಯಲ್ಲೇ.

ಶಹೋದತ್ ಬೈಸಿಕೊಂಡೂ ನಕ್ಕಳು. ಎದುರು ಮನೆಯವಳು, ಅಭ್ಯಾಸವಾಗಿದೆ. "ನಮ್ಮದು ಬಿಡು ಅಕ್ಕ, ಮುಗಿದ ಕಥೆ. ನಫೀಸಾ ನೋಡು, ಮೂರು ತಿಂಗಳಲ್ಲಿ ಹೇಗೆ ಕಡ್ಡಿ ಆಗಿದಾಳೆ! ಏನು ತಿಂತೀಯೇ ಹುಡುಗಿ?"

"ಹಸಿರು ಚಹಾ," ಅಂದಳು ನಫೀಸಾ.

"ಜೊತೆಗೆ?"

"ಇನ್ನೊಂದು ಲೋಟ ಹಸಿರು ಚಹಾ."

ತುರ್ಸುನೋಯ್‌ಗೆ ರೇಗಿತು. ಮಗಳ ಮದುವೆಗೆ ಹನ್ನೆರಡೇ ದಿನ. ಬೆಳಗ್ಗೆ ಮುರಿದಿಟ್ಟ ರೊಟ್ಟಿ ಸಂಜೆಗೆ ಹಾಗೇ ಒಣಗಿರುತ್ತದೆ. ಬೈದರೂ ಇಲ್ಲ, ಬೇಡಿದರೂ ಇಲ್ಲ. ಆದರೆ ಜಗಳ ತೆಗೆಯಲು ಅವಳಿಗೆ ಬಾಯಿಲ್ಲ. ಯಾಕೆಂದರೆ ಇದಕ್ಕೆ ಬೀಜ ಹಾಕಿದವಳು ಅವಳೇ.

ಚಳಿಗಾಲದಲ್ಲಿ ಬೀಗಿತ್ತಿ ಮಲೋಹತ್ ಫೋನು ಮಾಡಿದ್ದಳು. ಮದುವೆಯ ಮರುದಿನ ಬೆಳಗ್ಗೆ ಸೊಸೆ ಅಂಗಳದಲ್ಲಿ ನಿಂತು ಗಂಡನ ಕಡೆಯ ಒಬ್ಬೊಬ್ಬರ ಹೆಸರಿಗೂ ಸೊಂಟ ಬಗ್ಗಿಸಿ ಸಲಾಂ ಮಾಡಬೇಕಲ್ಲ, ಆ ಉಡುಪು ಗಂಡಿನ ಮನೆಯವರೇ ಹೊಲಿಸಿ ಕೊಡುವುದು. ಅದಕ್ಕೆ ಸೊಂಟದ ಅಳತೆ ಕೇಳಿದಳು. ಕೇಳಿ ಸುಮ್ಮನಿರದೆ, "ನಮ್ಮ ದೊಡ್ಡ ಸೊಸೇದು ಅರವತ್ತೆಂಟು" ಎಂದು ಸೇರಿಸಿದಳು. ಅಂಗಡಿಯಲ್ಲಿ ಮೂವರು ಗಿರಾಕಿಗಳು ಕಿವಿ ನಿಮಿರಿಸಿ ಕೂತಿದ್ದರು. ನಫೀಸಾಳ ಸೊಂಟ ಎಪ್ಪತ್ತನಾಲ್ಕು. ತುರ್ಸುನೋಯ್ ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗೀದು ಅರವತ್ತಾರು" ಅಂದುಬಿಟ್ಟಳು. ಇಸ್ತ್ರಿ ಹಾಕುತ್ತಿದ್ದ ಮಗಳು ತಲೆ ಎತ್ತಿ ತಾಯಿಯನ್ನು ನೋಡಿ, ಮತ್ತೆ ಇಸ್ತ್ರಿಗೆ ಬಾಗಿದ್ದಳು. ಆ ರಾತ್ರಿಯಿಂದಲೇ ಅವಳಿಗೆ ಹಸಿವಿಲ್ಲ.

ಶಹೋದತ್ ಅಳತೆ ಕೊಟ್ಟು ಹೋದ ಮರುದಿನ ಬೀಗರ ಮನೆಯಿಂದ ಆ ಉಡುಪು ಬಂತು. ತಿಳಿಗುಲಾಬಿ ರೇಷ್ಮೆ, ಎದೆ ತುಂಬ ಜರಿ ಕೆಲಸ. ಶಹೋದತ್ ತನ್ನ ಬಟ್ಟೆಯ ನೆಪದಲ್ಲಿ ನೋಡಲು ಓಡಿ ಬಂದಳು. ನಫೀಸಾ ಉಸಿರು ಹಿಡಿದಳು, ತುರ್ಸುನೋಯ್ ಬೆನ್ನಿಗೆ ಮೊಣಕಾಲು ಕೊಟ್ಟು ಜಿಪ್ಪು ಎಳೆದಳು. ಹತ್ತಿತು.

"ಹಿಡೀತು! ಅಲ್ಲಾ ದೊಡ್ಡವನು!" ಶಹೋದತ್ ಕೈತಟ್ಟಿದಳು. "ಎಲ್ಲಿ, ಒಂದು ಸಲಾಂ ಮಾಡಿ ತೋರಿಸು. ಮಾವನಿಗೆ."

ನಫೀಸಾ ಎದೆಯ ಮೇಲೆ ಕೈಯಿಟ್ಟು ಬಾಗಿದಳು.

"ಅತ್ತೆಗೆ."

ಮತ್ತೆ ಬಾಗಿದಳು. ತುಟಿಯ ಬಣ್ಣ ಹೋಗಿತ್ತು.

"ಇನ್ನು ದೊಡ್ಡ ಭಾವನಿಗೆ."

ಬಾಗಿದವಳು ಏಳಲಿಲ್ಲ. ಹಾಗೇ ಮುಂದಕ್ಕೆ ಜೋತು, ಕತ್ತರಿಸುವ ಮೇಜಿನ ಕಾಲಿಗೆ ಹಣೆ ಬಡಿದುಕೊಂಡು ಕುಸಿದಳು. ಹೊಲಿದವನು ಗಟ್ಟಿ ದರ್ಜಿ. ಹೊಲಿಗೆ ಬಿಡಲಿಲ್ಲ, ಹುಡುಗಿ ಬಿದ್ದಳು.

"ಅಯ್ಯೋ, ಜರಿ!" ಎಂದು ಚೀರಿದಳು ತುರ್ಸುನೋಯ್.

ಚೀರಿದ್ದು ತನ್ನ ಕಿವಿಗೇ ಬಿತ್ತು. ಶಹೋದತ್ ಕೂಡ ಅವಳನ್ನು ಒಂಥರಾ ನೋಡಿದಳು. ಮಗಳ ಮುಖಕ್ಕೆ ನೀರು ಚಿಮುಕಿಸಿ, ತುರ್ಸುನೋಯ್ ಜಿಪ್ಪು ಇಳಿಸಿದಳು. ಕೆಂಪು ಗೆರೆಗಳು ಬೆನ್ನಿನುದ್ದಕ್ಕೂ ಅಚ್ಚೊತ್ತಿದ್ದವು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು.

"ಯಾಕೆ ಹೀಗೆ ನನ್ನ ಹೊಟ್ಟೆ ಉರಿಸ್ತೀಯಾ? ತಿನ್ನು ಅಂತ ದಿನಾ ಬಡ್ಕೊಳ್ಳಲಿಲ್ವಾ ನಾನು?" ನಾಚಿಕೆಯಾದಾಗ ಅವಳಿಗೆ ಮೊದಲು ಬರುವುದು ಸಿಟ್ಟೇ.

"ತಿಂದಿದ್ರೆ ನಿನ್ನ ಅರವತ್ತಾರು ಎಲ್ಲಿಂದ ಬರ್ತಿತ್ತಮ್ಮಾ?" ನಫೀಸಾ ಗೋಡೆಗೆ ಒರಗಿ ಕೂತಳು. "ಸುಳ್ಳು ನೀನು ಹೇಳಿದೆ. ನಿಜ ಮಾಡೋದು ನನ್ನ ಪಾಲಿಗೆ ಬಂತು."

"ಆ ಬೀಗಿತ್ತಿ ಹಾಗೆ ಹೇಳಿದ್ಮೇಲೆ ನಾನೇನು ಮಾಡ್ಬೇಕಿತ್ತು? ನಿನ್ನ ಮರ್ಯಾದೆಗೆ ತಾನೇ ಹೇಳಿದ್ದು?"

"ನಂಗೆ ಹದಿಮೂರು ವರ್ಷ ಇದ್ದಾಗ ಸ್ಕೂಲ್ ಬಟ್ಟೆಗೆ ಅಳತೆ ತಗೊಂಡೆ. ಐದು ಜನ ಕೂತಿದ್ರು. 'ನನ್ನ ಮಗಳಲ್ಲ ಇವಳು, ಹಿಟ್ಟಿನ ಮೂಟೆ' ಅಂದೆ. ಎಲ್ಲರೂ ನಕ್ರು. ಆಮೇಲೆ 'ಬರ್ಕೋ' ಅಂದೆ. ನನ್ನ ಅಳತೆ ನಾನೇ ಬರ್ಕೊಂಡೆ."

"ತಮಾಷೆಗಂದಿದ್ದು ಕಣೇ! ನಮ್ಮಮ್ಮ ನನಗೆ ಒಂಟೆ ಅಂತಿದ್ಲು, ನಾನೇನು ಸತ್ತೆನಾ? ತಾಯಿ ಅಂದ್ಬಿಟ್ರೆ ಊರಿನವರು ಅನ್ನೋಕೆ ಏನೂ ಉಳಿಯಲ್ಲ ಅಂತ."

"ಊರಿನವರು ಒಂದು ಸಲ ಅಂದು ಮನೆಗೆ ಹೋಗ್ತಿದ್ರಮ್ಮಾ. ನೀನು ಮನೇಲೇ ಇರ್ತೀಯ."

ಸಾಮಾನ್ಯವಾಗಿ ಎಲ್ಲದಕ್ಕೂ ಬಾಯಿ ಹಾಕುವ ಶಹೋದತ್ ಗುಂಡಿಯ ಡಬ್ಬಿಯಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

ತುರ್ಸುನೋಯ್ ಉಡುಪನ್ನು ಒಳಮೈಗೆ ತಿರುಗಿಸಿದಳು. ಒಳಗೆ ಅರ್ಧ ಬೆರಳು ಬಟ್ಟೆಯೂ ಇರಲಿಲ್ಲ. ಅರವತ್ತಾರಕ್ಕೆ ಸರಿಯಾಗಿ ಕತ್ತರಿಸಿ ಕೂತಿದ್ದ ಪುಣ್ಯಾತ್ಮ. ಬಿಚ್ಚಿ ಅಗಲ ಮಾಡಲು ದಾರಿಯಿಲ್ಲ. ಉಳಿದದ್ದೊಂದೇ, ಎರಡೂ ಪಕ್ಕ ಸೀಳಿ ಬೇರೆ ಬಟ್ಟೆಯ ಪಟ್ಟಿ ಕೂಡಿಸುವುದು. ಅದು ಎದ್ದು ಕಾಣುತ್ತದೆ. ಮರ್ಗಿಲಾನಿನ ತುರ್ಸುನೋಯ್‌ಳ ಮಗಳು ತೇಪೆ ಹಾಕಿದ ಉಡುಪಿನಲ್ಲಿ ಸಲಾಂಗೆ ನಿಂತಳು ಎಂದು ಫರ್ಗಾನಾದವರೆಗೂ ಸುದ್ದಿಯಾಗುತ್ತದೆ. ಇಪ್ಪತ್ತು ವರ್ಷ ಗಳಿಸಿದ ಹೆಸರು. ಅವಳು ಉಡುಪನ್ನು ಮಡಚಿಟ್ಟಳು. ಆಮೇಲೆ ಫೋನು ತೆಗೆದುಕೊಂಡು, ಮಗಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಬೀಗಿತ್ತಮ್ಮಾ, ನಾನು ನಿಮಗೆ ಸುಳ್ಳು ಹೇಳಿದ್ದೆ."

"ಯಾ ಅಲ್ಲಾ! ಏನಾಯ್ತು?" ಆ ಕಡೆಯಿಂದ ಮಲೋಹತ್ ಕೇಳಿದಳು.

"ಹುಡುಗಿ ಸೊಂಟ ಅರವತ್ತಾರಲ್ಲ. ಎಪ್ಪತ್ತನಾಲ್ಕು. ಹಸಿದು ಹಸಿದು ಇಳಿಸ್ಕೊಂಡಿದಾಳೆ, ಈಗ ನನ್ನ ಕಣ್ಣೆದುರೇ ಬಿದ್ಲು. ನಿಮ್ಮ ಉಡುಪಿಗೆ ಪಕ್ಕದಲ್ಲಿ ಪಟ್ಟಿ ಹಾಕ್ತಿದೀನಿ. ಅದೇ ಬಣ್ಣ ಸಿಗಲ್ಲ, ಕಾಣುತ್ತೆ."

"ಕಾಣುತ್ತೆ ಅಂದ್ರೆ? ಅರವತ್ತು ಜನ ಹೆಂಗಸರು ಬರ್ತಾರೆ ರೀ, ಒಬ್ಬೊಬ್ಬರಿಗೂ ನಾಲ್ಕು ಕಣ್ಣು! ಕೇಳಿದ್ರೆ ನಾನೇನು ಹೇಳಲಿ?"

"ತಾಯಿ ಸುಳ್ಳು ಅಳತೆ ಕೊಟ್ಲು ಅನ್ನಿ. ಹುಡುಗಿ ದಪ್ಪ ಆದ್ಲು ಅಂತ ಮಾತ್ರ ಯಾರ ಬಾಯಲ್ಲೂ ಬರಬಾರದು."

ಶಹೋದತ್ ಗುಂಡಿಯ ಡಬ್ಬಿ ಹಿಡಿದುಕೊಂಡೇ ಎರಡು ಹೆಜ್ಜೆ ಹತ್ತಿರ ಬಂದಳು.

"ನೀವು ಹುಡುಗನಿಗೆ ಕಳಿಸಿದ ಸೂಟು ಇದೆಯಲ್ಲ," ಮಲೋಹತ್ ದನಿ ತಗ್ಗಿಸಿದಳು, "ಪ್ಯಾಂಟು ನೆಲ ಗುಡಿಸ್ತಿದೆ."

"ನೀವು ಕೊಟ್ಟ ಅಳತೆಗೇ ಹೊಲಿಸಿದ್ದು!"

"ಅದೇ ಮತ್ತೆ. ನಾಲ್ಕು ಬೆರಳು ಸೇರಿಸಿ ಹೇಳಿದ್ದೆ. ಹುಡುಗ ಮೂರು ದಿನದಿಂದ ಬಾಗಿಲು ಹಾಕ್ಕೊಂಡು ದಪ್ಪ ಹಿಮ್ಮಡಿ ಶೂ ಹಾಕಿ ನಡೆಯೋದು ಕಲೀತಿದಾನೆ. ನಿನ್ನೆ ಕಾಲು ಉಳುಕಿಸ್ಕೊಂಡ."

ಮೊದಲು ನಕ್ಕವಳು ನಫೀಸಾ. ಹಣೆಯ ಗುಬುಟನ್ನು ಒತ್ತಿಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಶೂ ಬಿಚ್ಚೋಕೆ ಹೇಳಿ ಅತ್ತೆಮ್ಮಾ," ಎಂದು ಫೋನಿನ ಕಡೆ ಕೂಗಿದಳು. "ಅವರೆಷ್ಟು ಎತ್ತರ ಅಂತ ನಾನು ನೋಡಿಯೇ ಒಪ್ಕೊಂಡಿದ್ದು."

"ಪ್ಯಾಂಟು ಕಳಿಸಿ, ಮಡಚಿ ಕೊಡ್ತೀನಿ," ಅಂದಳು ತುರ್ಸುನೋಯ್.

ಮರುದಿನ ಬೆಳಗ್ಗೆ ಅವಳು ಎಲೆಹಸಿರು ರೇಷ್ಮೆಯ ತುಂಡು ಹರಡಿದಳು. ಮುಚ್ಚಿದರೂ ಕಾಣುವುದಾದರೆ ಚೆನ್ನಾಗೇ ಕಾಣಲಿ ಎಂದು ಆರಿಸಿದ ಬಣ್ಣ. ಅಳತೆಗೆ ಮಗಳನ್ನು ಕರೆದಳು. ನಫೀಸಾ ಅಭ್ಯಾಸಬಲದಿಂದ ಹೊಟ್ಟೆ ಎಳೆದುಕೊಂಡು ನಿಂತಳು, ಪುಸ್ತಕ ಕೈಯಲ್ಲೇ ಇತ್ತು. ತುರ್ಸುನೋಯ್ ಕುತ್ತಿಗೆಯ ಟೇಪು ತೆಗೆದು ಮೊಳೆಗೆ ಹಾಕಿ, ಅತ್ತೆಯ ಪೆಟ್ಟಿಗೆಯಿಂದ ಬಿಳಿ ನೂಲು ತಂದಳು.

"ಉಸಿರು ಬಿಡೇ. ಪೂರ್ತಿ ಬಿಡು."

ನಫೀಸಾ ಬಿಟ್ಟಳು. ತಾಯಿ ನೂಲು ಸುತ್ತಿ, ಇನ್ನೆರಡು ಬೆರಳು ಸಡಿಲ ಬಿಟ್ಟು ಗಂಟು ಹಾಕಿದಳು.

"ಎಷ್ಟು ಬರ್ಕೊಳ್ಳಲಿ?"

"ನೀನೆಷ್ಟಿದೀಯೋ ಅಷ್ಟು. ಪುಸ್ತಕ ಇಡು, ರೊಟ್ಟಿ ತಿನ್ನು."

ನಫೀಸಾ ಒಂದು ಚೂರು ಮುರಿದು ಚಹಾಕ್ಕೆ ಅದ್ದಿದಳು. ಎರಡನೆಯದು ಮುರಿಯಲು ಬಹಳ ಹೊತ್ತು ಹಿಡಿಯಿತು. ತಾಯಿ ನೋಡಿದರೂ ನೋಡದಂತಿದ್ದಳು. ಮೂರು ತಿಂಗಳ ಹಸಿವು ಒಂದು ಬೆಳಗಿಗೆ ತೀರುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಶಹೋದತ್ ಬಂದಳು. ಬಂದವಳೇ ನೂಲು ನೋಡಿದಳು. "ಅಕ್ಕ, ಮೊನ್ನೆ ಬರ್ಕೊಂಡಿದ್ದು ಹೊಡೆದು ಹಾಕು. ನನಗೂ ಇದರಲ್ಲೇ ಅಳಿ. ಊಟದ ಪಾಲೂ ಇಡು."

ಅವಳು ಮಧ್ಯದಲ್ಲಿ ನಿಂತು ಕಣ್ಣುಮುಚ್ಚಿ ಉಸಿರನ್ನು ಪೂರ್ತಿ ಬಿಟ್ಟಳು. ವರ್ಷಗಟ್ಟಲೆ ಒಳಗೆ ಎಳೆದಿಟ್ಟ ಹೊಟ್ಟೆ ಆರಾಮಾಗಿ ಹೊರಗೆ ಬಂದು ತನ್ನ ಜಾಗದಲ್ಲಿ ಕೂತಿತು. ತುರ್ಸುನೋಯ್‌ಳ ನಾಲಿಗೆಯ ತುದಿಗೆ ಮಾತು ಬಂತು. ಒಳ್ಳೇ ಮಾತೇ, ಓಣಿಯೆಲ್ಲ ನಗುವಂಥದ್ದು. ರೊಟ್ಟಿ ಅಗಿಯುತ್ತಿದ್ದ ನಫೀಸಾ ಅಗಿಯುವುದನ್ನು ನಿಲ್ಲಿಸಿ ತಾಯಿಯ ಬಾಯನ್ನೇ ನೋಡಿದಳು.

ತುರ್ಸುನೋಯ್ ಗಂಟು ಬಿಗಿದು, ಬಾಗಿ, ಮಿಕ್ಕ ನೂಲನ್ನು ತುಟಿಯ ಹತ್ತಿರ ತಂದು ಹಲ್ಲಲ್ಲಿ ಕಡಿದಳು.