ಮೂರು ಎಣಿಸುವಷ್ಟು ಹೊತ್ತು

ಒಂದು ಮಾತು ಮುಗಿಸಿ ಇನ್ನೊಂದನ್ನು ಆಡುವ ಮುನ್ನ ಅವರು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾರೆ. ಆಟಿಸಂ ಇರುವ ಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವರ ಅಭ್ಯಾಸ ಇದು. ಆಡಿದ ಮಾತು ಮಗುವಿನ ಒಳಗಿಳಿಯಲು ಅಷ್ಟು ಸಮಯ ಬೇಕು, ಅವಸರಪಟ್ಟು ಎರಡನೆಯ ಮಾತನ್ನು ಮೊದಲನೆಯದರ ಮೇಲೆ ಹೇರಿದರೆ ಎರಡೂ ಕೆಡುತ್ತವೆ ಎಂಬುದನ್ನು ಯಾರೂ ಹೇಳಿಕೊಡದೆ ಅವರೇ ಕಂಡುಕೊಂಡಿದ್ದರು. ನಿವೃತ್ತಿಯ ನಂತರವೂ ಅದು ಬಿಟ್ಟುಹೋಗಿಲ್ಲ. ಫೋನಿನ ಆ ಕಡೆಯವರು "ಹಲೋ, ಇದ್ದೀರಾ?" ಎಂದು ಕೂಗುತ್ತಾರೆ. ತಮ್ಮನಂತೂ "ಅಕ್ಕಂಗೆ ಫೋನ್ ಮಾಡಿದ್ರೆ ಮಧ್ಯೆ ಎದ್ದು ಹೋಗಿ ಗಡ್ಡ ಕೆರ್ಕೊಂಡು ಬರಬಹುದು" ಎಂದು ನೆಂಟರೆದುರು ಆಡಿಕೊಳ್ಳುತ್ತಾನೆ. ಅದಕ್ಕೂ ಅವರದು ಐದು ಎಣಿಸಿದ ಮೇಲಿನ ಉತ್ತರ: "ಕೆರ್ಕೋ. ನೋಡೋ ಹಾಗಾದ್ರೂ ಆಗ್ತೀಯ."

ಶಾಲೆಯಲ್ಲಿ ಅವರಿಗೆ ಎಣಿಕೆ ಟೀಚರ್ ಎಂದೇ ಹೆಸರು. ಗಿಡ್ಡ ಆಳು. ಸದ್ದಿಗೆ ಬೆಚ್ಚುವ ಮಕ್ಕಳ ನಡುವೆ ಓಡಾಡಿ ಪಾದವನ್ನು ನೆಲಕ್ಕೆ ಇಡುವುದೂ ಗೊತ್ತಾಗದಂತೆ ನಡೆಯುವುದು ರೂಢಿಯಾಗಿತ್ತು. ಸುಗಂಧ ಹಚ್ಚುತ್ತಿರಲಿಲ್ಲ, ಪಾಠದ ಕೋಣೆಯಲ್ಲಿ ಗಡಿಯಾರ ಇಡುತ್ತಿರಲಿಲ್ಲ. ತೊಳೆದು ತೊಳೆದು ಮೊಣಕೈ ಬಳಿ ತೆಳುವಾದ ಬೂದು ಬಣ್ಣದ ಕೋಟಿನ ಬಲಜೇಬಿನಲ್ಲಿ ಉಗುರಿನಷ್ಟಗಲದ ಬಿಸ್ಕತ್ತಿನ ಚೂರುಗಳಿರುತ್ತಿದ್ದವು. ಆ ಚೂರುಗಳೇ ಅವರ ವಿದ್ಯೆ. ಮಗುವನ್ನು ಎದುರಿನ ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಒಂದು ಚೂರನ್ನು ತಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು, "ನನ್ನ ನೋಡು" ಎನ್ನುತ್ತಿದ್ದರು. ಮೂರು ಎಣಿಸುವಷ್ಟು ಹೊತ್ತು ಕಣ್ಣಿಗೆ ಕಣ್ಣು ಕೊಟ್ಟರೆ ಚೂರು ಬಾಯಿಗೆ. ಕೊಡದಿದ್ದರೆ ಗಲ್ಲ ಹಿಡಿದು ಮುಖ ತಿರುಗಿಸುವುದು. ಮೆಲ್ಲಗೆ, ಆದರೆ ಬಿಡದೆ. ತರಬೇತಿಯಲ್ಲಿ ಅವರಿಗೆ ಕಲಿಸಿದ್ದು ಅದನ್ನೇ, ಆಗ ಎಲ್ಲರೂ ಮಾಡುತ್ತಿದ್ದುದೂ ಅದನ್ನೇ. ದಿನಕ್ಕೆ ಇನ್ನೂರು ಸಲ ಮಾಡಿದರೂ ಅವರ ದನಿ ಒಮ್ಮೆಯೂ ಏರಿದ್ದಿಲ್ಲ.

ಅವರ ಕೈಯಲ್ಲಿ ಕಲಿತವರ ಪೈಕಿ ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದುದು ಒಬ್ಬ ಹುಡುಗಿಯನ್ನು. ಐದನೆಯ ವಯಸ್ಸಿಗೆ ಬಂದವಳು, ಹನ್ನೊಂದು ತಿಂಗಳು ಹಿಡಿಸಿದಳು. ಬಿಸ್ಕತ್ತಿಲ್ಲದೆ ಮೊದಲ ಸಲ ಅವಳು ನೆಟ್ಟಗೆ ನೋಡಿದ ದಿನ ಅವಳ ತಾಯಿ ಹೊರಗಿನ ಬೆಂಚಿನ ಮೇಲೆ ಕೂತು ಬಿಕ್ಕಿದ್ದು ಇಡೀ ಶಾಲೆಗೆ ಕೇಳಿಸಿತ್ತು. ಶಾಲೆಯ ಪರಿಚಯಪತ್ರದ ಮುಖಪುಟದಲ್ಲಿ ಬಹಳ ವರ್ಷ ಅವಳದೇ ಚಿತ್ರವಿತ್ತು.

ಟೀಚರ್ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿದ ಮೇಲೆ, ಶಿಕ್ಷಕರ ಸಭೆಯೊಂದಕ್ಕೆ ಆಟಿಸಂ ಇರುವ ಒಬ್ಬ ನಡುವಯಸ್ಸಿನ ಮನುಷ್ಯನನ್ನು ಕರೆಸಿದ್ದರು. ಆತ ಬಾಯಲ್ಲಿ ಮಾತಾಡಲಿಲ್ಲ. ಬೆರಳಚ್ಚು ಮಾಡಿ ತಂದದ್ದನ್ನು ಅವನ ಅಣ್ಣ ಓದಿದ. ಎದುರಿನವರ ಕಣ್ಣು ತನಗೆ ಉರಿಯುವ ಬಲ್ಬಿನಂತೆ, ನೋಡಿದರೆ ಕೇಳಿಸುವುದಿಲ್ಲ, ಕೇಳಿಸಿಕೊಳ್ಳಬೇಕಾದರೆ ನೋಡಲಾಗುವುದಿಲ್ಲ ಎಂದಿತ್ತು ಅದರಲ್ಲಿ. ಕೊನೆಗೆ ಹೀಗಿತ್ತು: "ನಾನು ನೋಡುತ್ತಿದ್ದುದು ಬಿಸ್ಕತ್ತನ್ನು. ಆಮೇಲೆ ಬಿಸ್ಕತ್ತು ನಿಂತಿತು, ಕಣ್ಣು ಮಾತ್ರ ಉಳಿಯಿತು."

ಮೂರನೆಯ ಸಾಲಿನಲ್ಲಿದ್ದ ಎಣಿಕೆ ಟೀಚರ್ ಮನೆಗೆ ಬಂದು ಕೋಟಿನ ಜೇಬನ್ನು ತಿರುವಿ ಕೊಡವಿದರು. ಮರುದಿನದಿಂದ ಮಗುವಿನ ಎದುರು ಕೂರುವುದನ್ನು ಬಿಟ್ಟು, ಬಸ್ಸಿನಲ್ಲಿ ಕೂತವರಂತೆ ಪಕ್ಕದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಕೂತರು. ಮಗು ಕಿಟಕಿ ನೋಡಿದರೆ ತಾವೂ ಕಿಟಕಿ ನೋಡಿದರು. ಉಳಿದ ಸೇವೆಯಷ್ಟನ್ನೂ ಹಾಗೆಯೇ ಕಳೆದರು. ಆದರೆ ಅದಕ್ಕೆ ಮೊದಲಿನ ಮಕ್ಕಳು? ಅವರ ಮುಂದೆ ತಪ್ಪೊಪ್ಪಿಕೊಳ್ಳುವ ಧೈರ್ಯ ಬಂದದ್ದು ನಿವೃತ್ತಿಯಾದ ಮೇಲೆಯೇ. ವಿಳಾಸ ಹುಡುಕಿಕೊಂಡು ಒಂದೊಂದೇ ಮನೆಗೆ ಹೋದರು. ಎಲ್ಲ ಕಡೆಯೂ ಉಪಚಾರವೇ. "ನೀವಿಲ್ದಿದ್ರೆ ನಮ್ ಹುಡ್ಗ ಎಲ್ಲಿರ್ತಿದ್ನೋ ಟೀಚರ್" ಎಂದು ಕೈ ಹಿಡಿದುಕೊಂಡರು. ಬೈಸಿಕೊಳ್ಳಲು ಹೋದವರು ಹೊಗಳಿಸಿಕೊಂಡು ಬರುತ್ತಿದ್ದರು, ಅದು ಬೈಗುಳಕ್ಕಿಂತ ಭಾರವಾಗಿತ್ತು.

ಬೈದವರು ಪರಿಚಯಪತ್ರದ ಮುಖಪುಟದ ಆ ಹುಡುಗಿಯ ತಾಯಿ ಒಬ್ಬರೇ. ಹುಡುಗಿಗೆ ಆಗ ಇಪ್ಪತ್ತೇಳು. ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಿಸಿ, ಬಂದು ಕೇಳುವ ಆಯಾಗಳಿಗೆ ಎಣಿಸಿ ಕೊಡುವ ಕೆಲಸ. ಟೀಚರ್ ಹೇಳಿದ್ದನ್ನು ತಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗಿನಿಂದ ಮಗಳ ಅಂಗಿಗಳನ್ನು ತಂದು ಟೀಚರ ಮಡಿಲಿಗೆ ಹಾಕಿದರು. ಬೇಸಿಗೆಯದೂ ಸೇರಿ ಎಲ್ಲವೂ ತುಂಬುತೋಳಿನವು.

"ಯಾಕೆ ಅಂತ ಕೇಳಿ. ಸಾಯಂಕಾಲ ಬಂದ್ಳು ಅಂದ್ರೆ ತೋಳು ಕಚ್ಕೋತಾಳೆ. ದಿನಾ. ಹಲ್ಲಿನ ಗುರುತು ಕಾಣಬಾರ್ದು ಅಂತ ಇವು. ಅಲ್ಲಿ ಎಲ್ರೂ ಹೊಗಳ್ತಾರೆ, ಎಷ್ಟು ಚೆನ್ನಾಗಿ ಮುಖ ನೋಡಿ ಮಾತಾಡ್ತಾಳೆ ಅಂತ."

ಟೀಚರ್ "ಕ್ಷಮಿಸಿ" ಎಂದರು. ಆ ತಾಯಿ ಐದು ಎಣಿಸುವವರೆಗೆ ಕಾಯಲಿಲ್ಲ.

"ಈಗ ಬಂದು ಹೇಳ್ತೀರಾ? ನೀವು ಸ್ಕೂಲಲ್ಲಿ ಆರು ಗಂಟೆ ಮಾಡಿದ್ರಿ. ಉಳಿದಿದ್ದು ಮನೇಲಿ ನಾನು ಮಾಡ್ದೆ, ನೀವು ಹೇಳಿದ್ರಿ ಅಂತ. ಅಳ್ತಿದ್ರೂ ಗಲ್ಲ ಹಿಡ್ಕೊಂಡು ಮಾಡ್ದೆ. ನೀವು ಬಂದು ಕೈ ತೊಳ್ಕೊಂಡು ಹೋಗ್ತೀರ. ನಾನೆಲ್ಲಿ ತೊಳ್ಕೊಳ್ಲಿ?"

ಆಮೇಲೆ ತಾಯಿ ಅಂಗಿಗಳನ್ನು ಮತ್ತೆ ಮಡಿಸುತ್ತಾ, "ಅವಳಿಗೇ ಹೇಳಿ. ನಾನು ಎಷ್ಟು ಸಲ ನೋಡ್ಬೇಡ ಅಂದ್ರೂ ಕೇಳಲ್ಲ. ನೀವು ಹೇಳಿದ್ರೆ ಬಿಡ್ತಾಳೋ ಏನೋ" ಎಂದರು.

ಆಸ್ಪತ್ರೆಯಲ್ಲಿ, ಬಿಸಿ ಬಟ್ಟೆಯ ವಾಸನೆ ತುಂಬಿದ ಆ ಕೋಣೆಯಲ್ಲಿ ಟೀಚರ್ ಹುಡುಗಿಯ ಪಕ್ಕದ ಬೆಂಚಿನಲ್ಲಿ ಕೂತರು. ಅವಳು ಹೊದಿಕೆಯ ಅಂಚಿಗೆ ಅಂಚು ಕೂಡಿಸುತ್ತಿದ್ದಳು.

"ಯಾರ ಕಣ್ಣನ್ನೂ ನೋಡೋದು ಬೇಡಮ್ಮ." ಐದು ಎಣಿಸಿದರು. "ನಾನು ಕಲಿಸಿದ್ದು ತಪ್ಪು."

"ನಾನು ತಪ್ಪು ಮಾಡ್ದೆನಾ?"

"ಇಲ್ಲ. ನೀನು ಸರಿಯಾಗೇ ಮಾಡ್ದೆ."

"ಸರಿಯಾಗಿ ಮಾಡಿದ್ದು ತಪ್ಪಾ?"

ಟೀಚರ ಎಣಿಕೆ ಐದನ್ನು ದಾಟಿ ಎಲ್ಲಿಗೋ ಹೋಯಿತು. "ತಪ್ಪು ನಂದು. ನಿಂಗೆ ನೋವಾಗುತ್ತೆ, ಅಲ್ವಾ?"

"ಆಗುತ್ತೆ," ಎಂದಳು ಹುಡುಗಿ, ಗಂಟೆ ಎಷ್ಟೆಂದು ಹೇಳುವವರಂತೆ. "ದಿನಾ ಆಗುತ್ತೆ. ಹನ್ನೆರಡು ವಾರ್ಡಿಂದ ಬರ್ತಾರೆ." ಆಮೇಲೆ ಮುಖ ತಿರುಗಿಸಿ, ಟೀಚರ ಕಣ್ಣನ್ನು ಮೂರು ಎಣಿಸುವಷ್ಟು ಹೊತ್ತು ನೋಡಿದಳು. "ಈಗ ಹೋಗಿ. ನಾಲ್ಕನೇ ವಾರ್ಡಿಂದು ಬಾಕಿ ಇದೆ."

ಟೀಚರ್ ಕೋಣೆಯ ಮೇಲ್ವಿಚಾರಕನಿಗೆ ವಿಷಯ ಹೇಳಿದರು. ಒಳ್ಳೆಯ ಮನುಷ್ಯ. "ನೋಡೋದ್ರಿಂದ ನೋವಾಗುತ್ತಾ? ನನ್ ಮುಖ ನೋಡಿದ್ರೆ ಆಗಬಹುದು ಬಿಡಿ" ಎಂದು ನಗಲು ಹೋಗಿ, ಟೀಚರನ್ನು ನೋಡಿ ಎದ್ದ. ಆಯಾಗಳು ಬರುವ ಬಾಗಿಲ ಕಡೆಗಿದ್ದ ಅವಳ ಮೇಜನ್ನು ಅಂದೇ ಗೋಡೆಯ ಕಡೆ ತಿರುಗಿಸಿದ. ಬಟ್ಟೆ ಬೇಕಾದವರು ಚೀಟಿ ಇಟ್ಟು ತೆಗೆದುಕೊಂಡು ಹೋಗಲಿ, ಅವಳನ್ನು ಕರೆಯುವುದು ಬೇಡ ಎಂದು ಬರೆದು ಅಂಟಿಸಿದ. ಅವಳಿಗಾಗಿ ಒಂದು ಜಾಗವನ್ನು ಯಾರಾದರೂ ಬದಲಾಯಿಸಿದ್ದು ಅದೇ ಮೊದಲಂತೆ. ಅಲ್ಲಿಯವರೆಗೆ ಬದಲಾದದ್ದೆಲ್ಲ ಅವಳೇ.

ಆದರೆ ಆಯಾ ಬಂದ ಸದ್ದಾದರೆ ಹುಡುಗಿ ಕೈಯ ಕೆಲಸ ಬಿಟ್ಟು, ಎದ್ದು, ಮೇಜು ಸುತ್ತಿ ಬಂದು, ಎದುರು ನಿಂತು ಮೂರು ಎಣಿಸಿ ಮರಳುತ್ತಾಳೆ. ಟೀಚರ್ ಈಗ ಪ್ರತಿ ಗುರುವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತಾರೆ, ಪಕ್ಕದಲ್ಲಿ ಕೂತು ದಿಂಬಿನ ಚೀಲ ಮಡಿಸುತ್ತಾರೆ. ಕಳೆದ ತಿಂಗಳು ಒಂದು ದಿನ ಹುಡುಗಿ ಎರಡಕ್ಕೇ ಕಣ್ಣು ತೆಗೆದು ಬಂದು ಕೂತಳು. ಒಂದು ಹೊದಿಕೆ ಮಡಿಸುವಷ್ಟರಲ್ಲಿ ಅವಳು ಎದ್ದು, ಮೊಗಸಾಲೆಯ ಕೊನೆಗೆ ತಲುಪಿದ್ದ ಆಯಾಳ ಹಿಂದೆ ಓಡಿ, ಉಳಿದ ಒಂದನ್ನು ಮುಗಿಸಿ ಬಂದಳು.

ಕೇಡು ಮಾಡಲೆಂದೇ ಮಾಡಿದವರಿಗೆ ಪಶ್ಚಾತ್ತಾಪದ ದಾರಿ ಒಂದು ಬಗೆಯಲ್ಲಿ ಸಲೀಸು. ತಮ್ಮೊಳಗಿನ ಕೆಟ್ಟದ್ದನ್ನು ಬಿಟ್ಟರಾಯಿತು. ಒಳ್ಳೆಯದೆಂದು ನಂಬಿ, ಬೇಸರಿಸದೆ, ಪ್ರೀತಿಯಿಂದ ನೋವು ಕೊಟ್ಟವರು ಯಾವುದನ್ನು ಬಿಡಬೇಕು, ತಾಳ್ಮೆಯನ್ನೋ ಪ್ರೀತಿಯನ್ನೋ? ಇಂಥವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ಹೆಚ್ಚಿನವರು ತಿಳಿಯುವ ಮೊದಲೇ ತೀರಿಹೋಗುತ್ತಾರೆ. ಕೆಲವರು ತಿಳಿದೂ, ಕಾಲವೇ ಹಾಗಿತ್ತು ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಎಲ್ಲೋ ಒಬ್ಬಿಬ್ಬರು ಹೋಗಿ ಪಕ್ಕದಲ್ಲಿ ಕೂರುತ್ತಾರೆ, ತಾವು ಕಲಿಸಿದ್ದನ್ನು ಶಿಷ್ಯರು ಮರೆಯಲಿ ಎಂದು ಹಾರೈಸುತ್ತಾ. ಮತ್ತು ಅವರು ಅಷ್ಟು ಚೆನ್ನಾಗಿ ಕಲಿಸಿರುವುದರಿಂದ, ಶಿಷ್ಯರು ಮರೆಯುವುದಿಲ್ಲ.