ಪಂಕ್ತಿಯಲ್ಲಿ ಕೂರದ ಖರಾದಿ

ಬಿಸಿ ಅರಗಿನ ವಾಸನೆ ಹಸುಮತಿಬೇನ್ ಅವರ ಬಾಲ್ಯದ ವಾಸನೆ. ಅಪ್ಪ ತೊಟ್ಟಿಲ ಕಾಲನ್ನು ತಿರುಗಣಿಗೆ ಸಿಕ್ಕಿಸಿ, ಗಿರ್ರೆಂದು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಸುಟ್ಟ ಬೆಲ್ಲದಂಥ ಒಂದು ಘಾಟು ಮನೆಯಿಡೀ ತುಂಬುತ್ತಿತ್ತು. ಅದರ ಬೆನ್ನಿಗೇ ಕೇದಗೆ ಎಲೆಯ ಹಸಿ ವಾಸನೆ. ಆ ಎಲೆಯಿಂದ ಉಜ್ಜದೆ ಕೊನೆಯ ಹೊಳಪು ಬರುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿ ಅವರ ಜಡೆ ಮೂಸಿ, ನೀನು ಖರಾದಿಯವಳು ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು ಎನ್ನುತ್ತಿದ್ದಳು. ಖರಾದು ಎಂದರೆ ತಿರುಗಣಿ. ಅದರ ಮುಂದೆ ಕೂರುವವನು ಖರಾದಿ. ಸಂಖೇಡಾದ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹುಟ್ಟಿದ ಓಣಿಯಿಂದ ಪಕ್ಕದ ಓಣಿಗೆ ಮದುವೆಯಾಗಿ ಬಂದವರು ಅವರು. ಗಂಡ ತೀರಿಕೊಂಡ ಮೇಲೂ ಗಂಡನ ಅಣ್ಣ ತ್ರಿಕಮಲಾಲರ ಕಾರ್ಖಾನೆಯಲ್ಲೇ ಕೂತು, ತವರದ ಪುಡಿಯ ಬಣ್ಣದಲ್ಲಿ ತೊಟ್ಟಿಲು, ಉಯ್ಯಾಲೆಗಳ ಮೇಲೆ ಬಳ್ಳಿ ಬಿಡಿಸುತ್ತಿದ್ದರು. ಭಾವನೆದುರು ಸೆರಗು ಮುಖದ ಮೇಲೆ ಎಳೆದುಕೊಳ್ಳುವುದು ಆ ಮನೆಯ ಪದ್ಧತಿ. ಮಾತಂತೂ ಇಲ್ಲವೇ ಇಲ್ಲ. ಹಾಗೆಂದು ಮಾತು ನಿಂತಿರಲಿಲ್ಲ. ಹೇಳಬೇಕಾದ್ದನ್ನು ಇಬ್ಬರೂ ಮೂರನೆಯವರಿಗೆ ಹೇಳುತ್ತಿದ್ದರು. ಯಾರೂ ಸಿಗದಿದ್ದರೆ ತೊಟ್ಟಿಲಿಗೆ. ಮಗಳಿಗೆ ಹೇಳಿ ಸೊಸೆಗೆ ಕೇಳಿಸಿದ ಹಾಗೆ. ಮಧ್ಯಾಹ್ನ ಬಿಸಿಲು ಸರಿದೊಡನೆ ಭಾವ ಎದ್ದು ಪಶ್ಚಿಮದ ಕಿಟಕಿ ತೆರೆದು ಹೋಗುತ್ತಿದ್ದರು. ಆ ಬೆಳಕು ನೇರ ಹಸುಮತಿಬೇನ್ ಕೂರುವ ಜಾಗಕ್ಕೆ ಬೀಳುತ್ತಿತ್ತು. ಅದರ ಬಗ್ಗೆ ಮಾತ್ರ ಇಬ್ಬರೂ ಯಾವ ತೊಟ್ಟಿಲಿಗೂ ಹೇಳಿದ್ದಿಲ್ಲ.

ತ್ರಿಕಮಲಾಲರಿಗೆ ಖರಾದಿ ಎಂಬ ಹೆಸರಿನ ಹುಚ್ಚು. ಊರಿನ ಖರಾದಿ ಸಮಾಜಕ್ಕೆ ಅಧ್ಯಕ್ಷರೂ ಅವರೇ. ಮಾಘ ತ್ರಯೋದಶಿಯ ವಿಶ್ವಕರ್ಮ ಪೂಜೆಯ ದಿನ ಊಟಕ್ಕೆ ಮುಂಚೆ ಎದ್ದು ನಿಂತು ಒಂದೇ ಕತೆಯನ್ನು ಪ್ರತಿವರ್ಷ ಹೇಳುತ್ತಿದ್ದರು. ಮೂಲಪುರುಷನಿಗೆ ಬಹಳ ಮಕ್ಕಳು. ಒಬ್ಬ ತಿರುಗಣಿ ಹೊತ್ತು ಸೂರತ್ತಿಗೆ ಹೋದ, ಒಬ್ಬ ಹಡಗು ಹತ್ತಿ ನೈರೋಬಿಗೆ ಹೋದ, ಅರಗು ತರಲು ಬೆಟ್ಟಕ್ಕೆ ಹೋದ ಕಿರಿಯವನು ತಿರುಗಿ ಬರಲೇ ಇಲ್ಲ. ಭೂಮಿಯ ಮೇಲೆ ಎಲ್ಲಿ ಖರಾದಿ ಇದ್ದಾನೋ ಅಲ್ಲಿಗೆ ಸಂಖೇಡಾದ ಮರದ ಹೊಟ್ಟು ಹಾರಿ ಹೋಗಿದೆ ಎಂದು ಮುಗಿಸುತ್ತಿದ್ದರು. ಈಗ ಊರಿನ ಖರಾದಿಗಳಲ್ಲಿ ಒಬ್ಬ ಮೊಬೈಲ್ ಅಂಗಡಿ ಇಟ್ಟಿದ್ದ, ಒಬ್ಬ ವಿಮೆ ಮಾಡಿಸುತ್ತಿದ್ದ, ತಿರುಗಣಿಯ ಮುಂದೆ ಬೇರೆ ಜಾತಿಯ ಹುಡುಗರು ಕೂಲಿಗೆ ಕೂರುತ್ತಿದ್ದರು. ಆದರೂ ಕತೆ ಬದಲಾಗಲಿಲ್ಲ. ಅವರ ಸ್ವಂತ ಮಗ ಆಕ್ಲೆಂಡಿನಲ್ಲಿ ದಂತವೈದ್ಯ. ಅಡುಗೆಯ ಉಸ್ತುವಾರಿಯ ಪ್ರಭಾಕಾಕಿ ಅದಕ್ಕೂ ಒಂದು ಮಾತು ಇಟ್ಟಿದ್ದರು: ಅವನೂ ತಿರುಗಣಿ ಹಿಡಿದೇ ಬದುಕ್ತಾನಪ್ಪ, ಮರದ ಬದಲು ಹಲ್ಲು.

ಆ ವರ್ಷದ ಪೂಜೆಯ ದಿನ ತಿರುಗಣಿಗಳಿಗೆಲ್ಲ ಕುಂಕುಮ ಹಚ್ಚಿ, ಹೂವಿಟ್ಟು, ಕೆಲಸ ನಿಲ್ಲಿಸಿಯಾಗಿತ್ತು. ಹಸುಮತಿಬೇನ್ ಕುಂಚಗಳನ್ನು ತೊಳೆದು ಒಣಗಿಸುತ್ತಿದ್ದರು. ಬಾಗಿಲಲ್ಲಿ ಒಬ್ಬಾತ ನಿಂತಿದ್ದ. ಐವತ್ತರ ಹತ್ತಿರದ ಗಟ್ಟಿ ಆಳು, ಖಾಕಿ ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಪ್ಪಲಿ ಬಿಟ್ಟವನು, ಬಾಗಿಲಲ್ಲಿ ಓಡಾಡುವವರಿಗೆ ಅಡ್ಡವಾಗದಂತೆ ಅದನ್ನು ಕಾಲಿನಿಂದಲೇ ಗೋಡೆಗೆ ಸರಿಸಿದ. ಅಷ್ಟರಲ್ಲೇ ಅವರಿಗೆ ಆತ ಇಷ್ಟವಾದ.

ಹೆಸರು ಕೇಳಿದರೆ ಹರ್ಮಾಭಾಯಿ ಖರಾದಿ ಎಂದ. ಊರು ಉತ್ತರದ ಬೆಟ್ಟಗಳಲ್ಲಿ, ಪೋಶೀನಾದ ಹತ್ತಿರ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್.

ತ್ರಿಕಮಲಾಲರ ಮುಖ ಅರಳಿತು. ಮಣೆ ಹಾಕಿಸಿದರು, ಚಹಾ ತರಿಸಿದರು. ಬೆಟ್ಟಕ್ಕೆ ಹೋದ ಕಿರಿಯವನ ಕತೆ ಶುರುವಾಯಿತು. ಹರ್ಮಾಭಾಯಿ ಗೌರವದಿಂದ ಪೂರ್ತಿ ಕೇಳಿಸಿಕೊಂಡ.

"ನಮ್ಮ ಕಡೆ ಬಸ್ಸಲ್ಲಿ ಖರಾದಿ ಅಂತ ಕೂಗಿದ್ರೆ ಅರ್ಧ ಬಸ್ಸು ತಿರುಗಿ ನೋಡುತ್ತೆ, ಕಾಕಾ" ಎಂದ. "ನಿಮ್ಮ ಊರಲ್ಲಿರೋದಕ್ಕಿಂತ ಜಾಸ್ತಿ ಇದೀವಿ. ತಿರುಗಣಿ ಮಾತ್ರ ಯಾರೂ ನೋಡಿಲ್ಲ. ನಾನೂ ಇವತ್ತೇ ಮೊದಲು ನೋಡಿದ್ದು."

"ಮರೆತಿದೀರಿ, ಅಷ್ಟೆ. ರಕ್ತ ಮರೆಯಲ್ಲ."

ಹರ್ಮಾಭಾಯಿ ಚಹಾದ ಲೋಟ ಕೆಳಗಿಟ್ಟು, ಬಂದ ವಿಷಯ ಹೇಳಿದ. ಮಗಳು ಶರ್ಮಿಷ್ಠಾಗೆ ವಡೋದರಾದಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಆದಿವಾಸಿಗಳಿಗೆ ಮೀಸಲಾದದ್ದು. ಯಾರೋ ಒಂದು ಅರ್ಜಿ ಹಾಕಿದ್ದಾರೆ: ಖರಾದಿ ಎಂಬುದು ಸಂಖೇಡಾದ ಮರಗೆಲಸದವರ ಹೆಸರು, ಈ ಹುಡುಗಿ ಆದಿವಾಸಿ ಅಲ್ಲ, ಸುಳ್ಳು ಹೇಳಿದ್ದಾಳೆ ಎಂದು. ಜಾತಿ ಪ್ರಮಾಣಪತ್ರದ ವಿಚಾರಣೆಯವರು ಅವನ ಊರಿಗೆ ಹೋಗಿ ಬಂದಿದ್ದಾರೆ. ಇನ್ನು ಈ ವಾರ ಸಂಖೇಡಾಕ್ಕೆ ಬಂದು, ಇಲ್ಲಿನ ಹಿರಿಯರನ್ನು ಕೇಳುತ್ತಾರೆ: ಆ ಬೆಟ್ಟದ ಖರಾದಿಗಳು ನಿಮ್ಮವರಾ? ಹೌದು ಎಂದು ಒಬ್ಬ ಹಿರಿಯ ಹೇಳಿದರೆ ಸೀಟು ಹೋಯಿತು.

"ನೀವು ಇಲ್ಲ ಅನ್ನಬೇಕು ಅಂತ ಕೇಳೋಕೆ ಬಂದೆ" ಎಂದ. "ಸುಳ್ಳು ಹೇಳಿ ಅಂತಿಲ್ಲ. ನಿಜವಾಗ್ಲೂ ನಾವು ನಿಮ್ಮವರಲ್ಲ."

ತ್ರಿಕಮಲಾಲರು ಅವನ ಹತ್ತಿರಕ್ಕೆ ಸರಿದು ಕೂತರು. ಮಗಳ ಓದು ನಿಲ್ಲಬಾರದು, ಫೀಸಿನ ಸಹಾಯ ಬೇಕಾದರೆ ಸಮಾಜದಿಂದ ಕೊಡಿಸೋಣ ಎಂದರು. ಆದರೆ ಅಣ್ಣತಮ್ಮಂದಿರನ್ನು ಅಲ್ಲ ಎಂದು ಹೇಗೆ ಹೇಳುವುದು? ಮನೆಬಾಗಿಲಿಗೆ ಬಂದ ಖರಾದಿಯನ್ನು ನಮ್ಮವನಲ್ಲ ಎಂದು ಈ ಊರಲ್ಲಿ ಯಾರೂ ಹೇಳಿದ್ದಿಲ್ಲ. ಇವತ್ತಂತೂ ಹಬ್ಬ. ಮೊದಲು ವಾಡಿಗೆ ನಡಿ, ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಊಟ ಮಾಡು, ಆಮೇಲೆ ಮಾತು. ವಾಡಿ ಎಂದರೆ ಸಮಾಜದ ಭವನ; ಆ ಪಂಕ್ತಿಯಲ್ಲಿ ಕೂರಲು ಖರಾದಿ ಎಂಬ ಹೆಸರೊಂದೇ ಸಾಕಾಗಿತ್ತು.

ಅವರ ದನಿಯಲ್ಲಿ ಇದ್ದದ್ದು ಪ್ರೀತಿಯೇ. ಹಸುಮತಿಬೇನ್ ಅದನ್ನು ಬಲ್ಲರು. ಆದರೆ ಹರ್ಮಾಭಾಯಿಯ ಕೈ ಮಂಡಿಯ ಮೇಲೆ ಬಿಗಿಯಾದದ್ದನ್ನೂ ಅವರು ಸೆರಗಿನ ಕೆಳಗಿನಿಂದ ನೋಡಿದರು. ಅವರು ಕುಂಚ ಕೆಳಗಿಟ್ಟು, ಭಾವನ ಕಡೆ ಬೆನ್ನು ಮಾಡಿ, ಬಂದವನ ಕಡೆ ತಿರುಗಿದರು.

"ಭಾಯಿ, ನಿಮ್ಮಲ್ಲಿ ಮಗುವಿನ ಮೊದಲ ಕೂದಲು ಎಲ್ಲಿ ತೆಗೆಸ್ತೀರಿ?"

"ಹಾಗೆಲ್ಲ ಪದ್ಧತಿ ಇಲ್ಲ, ಬೇನ್. ಮನೆಯಲ್ಲೇ ಕತ್ತರಿಸ್ತೀವಿ."

"ನಮ್ಮವರು ಆಕ್ಲೆಂಡಿನಲ್ಲಿದ್ರೂ ವಿಮಾನ ಹತ್ತಿ ಬಂದು ಕುಲದೇವಿ ಮುಂದೆ ತೆಗೆಸ್ತಾರೆ. ನಿಮ್ಮ ದೇವರಿಗೆ ಹರಕೆ ಏನು?"

"ಮಣ್ಣಿನ ಕುದುರೆ. ಮರದ ಕೆಳಗೆ ಇಡ್ತೀವಿ. ನಮ್ಮಜ್ಜ ಇಟ್ಟ ಕುದುರೆಗಳೂ ಅಲ್ಲೇ ಇವೆ, ಅವರಜ್ಜನದೂ ಇರಬೇಕು. ಮುರಿದು ಮಣ್ಣಾಗಿವೆ."

"ಕೇಳಿದ್ರಾ, ಭಾಯಿ" ಎಂದರು ಹಸುಮತಿಬೇನ್ ಅವನಿಗೇ. ಕೇಳಬೇಕಾದವರು ಬೇರೆ ಎಂದು ಮೂವರಿಗೂ ಗೊತ್ತಿತ್ತು. "ಇಲ್ಲಿಂದ ಹೋದ ತಮ್ಮ ಎಲ್ಲ ಮರೀಬಹುದು. ತಿರುಗಣಿ ಮರೀಬಹುದು, ಊರು ಮರೀಬಹುದು. ಮರದ ಕೆಳಗೆ ಅಜ್ಜನಜ್ಜನ ಕುದುರೆ ಎಲ್ಲಿಂದ ಬರುತ್ತೆ?"

ತ್ರಿಕಮಲಾಲರೂ ಹರ್ಮಾಭಾಯಿಯ ಕಡೆಗೇ ತಿರುಗಿದರು. "ಅವರಿಗೆ ಹೇಳಪ್ಪ, ಅರಗು ತರೋಕೆ ಹೋದವನು ಅಲ್ಲಿನ ಹುಡುಗೀನ ಮದುವೆ ಆಗಿರಬಹುದು. ಹೆಂಡತಿ ದೇವರು ಮನೆ ದೇವರಾಗೋದು ಹೊಸದಲ್ಲ."

"ಅರಗು ಬೇಕಿದ್ರೆ ಇಲ್ಲೇ ಛೋಟಾ ಉದೇಪುರದ ಕಾಡಿತ್ತು, ಭಾಯಿ. ಅದನ್ನು ಬಿಟ್ಟು ಪೋಶೀನಾ ತನಕ ನಡೆದನಾ ಆ ಪುಣ್ಯಾತ್ಮ? ನಮ್ಮ ಗಂಡಸರು ಕೇದಗೆ ಎಲೆ ತರೋಕೆ ನದಿ ದಾಟಿ ಅಂದ್ರೇ ಗೊಣಗ್ತಾರೆ."

ಹರ್ಮಾಭಾಯಿ ಒಮ್ಮೆ ಸೆರಗಿನ ಕಡೆ, ಒಮ್ಮೆ ತ್ರಿಕಮಲಾಲರ ಬಿಳಿ ಮೀಸೆಯ ಕಡೆ ನೋಡಿದ. "ನನ್ನ ಬಸ್ಸಲ್ಲೂ ಹೀಗೇ" ಎಂದ. "ಗಂಡ ಹೆಂಡತಿ ಜಗಳ ಆಡ್ಕೊಂಡು ಹತ್ತಿದ್ರೆ ಇಬ್ಬರೂ ನನಗೇ ಬೈತಾರೆ."

ತ್ರಿಕಮಲಾಲರಿಗೆ ನಗು ಬಂತು. ಆದರೆ ಸೋತಂತಾಗಿಯೂ ಇತ್ತು. ಹಾಗಾದರೆ ನಿಮಗೆ ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದರು. ಗೊತ್ತಿಲ್ಲ ಎಂದ ಹರ್ಮಾಭಾಯಿ. ಅವರ ಬೆಟ್ಟದಲ್ಲಿ ಹೆಸರಿಗೆ ಯಾರೂ ಕಾರಣ ಕೇಳುವುದಿಲ್ಲವಂತೆ. ಯಾವನೋ ಸಾಹೇಬ ಬರೆದುಕೊಂಡಿರಬಹುದು, ಯಾವನೋ ಠಾಕೂರ ಕರೆದಿರಬಹುದು, ಅವರದೇ ಮಾತಿನಲ್ಲಿ ಬೇರೇನೋ ಇದ್ದಿರಬಹುದು. ಸೂರತ್ತಿನಲ್ಲಿ ನಮಾಜು ಮಾಡುವ ಖರಾದಿಗಳೂ ಇದ್ದಾರಲ್ಲ, ಅವರು ನಿಮ್ಮ ಪಂಕ್ತಿಗೆ ಬರುತ್ತಾರಾ ಎಂದು ಮೆಲ್ಲಗೆ ಕೇಳಿದ.

ವಾಡಿಯಲ್ಲಿ ಊಟದ ಗಂಟೆ ಹೊಡೆಯಿತು. ತ್ರಿಕಮಲಾಲರು ಅಭ್ಯಾಸಬಲದಿಂದ ಎದ್ದು ಹರ್ಮಾಭಾಯಿಯ ತೋಳು ಹಿಡಿದರು. ಮಿಕ್ಕದ್ದೇನೇ ಇರಲಿ, ಹೊತ್ತಿನ ಊಟ ಆಗಲಿ ಎಂದು.

ಹಸುಮತಿಬೇನ್‌ಗೆ ಈಗ ಹೇಳಬೇಕಿದ್ದದ್ದೇ ಎಲ್ಲಕ್ಕಿಂತ ಕಷ್ಟದ ಮಾತಾಗಿತ್ತು. ಹಸಿದವನಿಗೆ ಬೇಡ ಎಂದು ಅವರು ಜನ್ಮದಲ್ಲಿ ಹೇಳಿದವರಲ್ಲ.

"ಭಾಯಿ, ನೀವು ಪಂಕ್ತಿಯಲ್ಲಿ ಕೂರಬೇಡಿ" ಎಂದರು. "ನೀವು ಕೂತದ್ದನ್ನು ಊರೆಲ್ಲ ನೋಡುತ್ತೆ. ನಾಳೆ ವಿಚಾರಣೆಯವರು ಯಾವ ಮಗೂನ ಕೇಳಿದ್ರೂ, ಹೌದು ನಮ್ಮ ಪಂಕ್ತಿಯಲ್ಲೇ ಉಂಡ್ರು, ಅಧ್ಯಕ್ಷರ ಪಕ್ಕದಲ್ಲೇ ಕೂತಿದ್ರು ಅನ್ನುತ್ತೆ. ಆಮೇಲೆ ಯಾರು ಏನು ಹೇಳಿದ್ರೂ ನಿಲ್ಲಲ್ಲ."

ತ್ರಿಕಮಲಾಲರ ಕೈ ಅವನ ತೋಳಿನಿಂದ ನಿಧಾನವಾಗಿ ಇಳಿಯಿತು.

"ಪಂಕ್ತಿಯಿಂದ ಎಬ್ಬಿಸಿದೋರನ್ನು ನೋಡಿದೀನಿ, ಬೇನ್" ಎಂದ ಹರ್ಮಾಭಾಯಿ. "ನನ್ನ ಒಳ್ಳೇದಕ್ಕೆ ಅಂತ ಹೇಳಿ ಎಬ್ಬಿಸಿದೋರು ನೀವೇ ಮೊದಲು." ಮಾತಿನಲ್ಲಿ ಕಹಿ ಇರಲಿಲ್ಲ, ಪೂರ್ತಿ ಇಲ್ಲವೆಂದೂ ಹೇಳಲಾಗದು. ಮಧ್ಯಾಹ್ನದ ಬಸ್ಸಿದೆ, ನಿಲ್ದಾಣದಲ್ಲಿ ಏನಾದರೂ ತಿನ್ನುತ್ತೇನೆ ಎಂದು ಹೇಳಿ, ಚಹಾದ ಲೋಟವನ್ನು ತಾನೇ ನಲ್ಲಿಯಡಿ ತೊಳೆದು ಮಗುಚಿಟ್ಟು ಹೊರಟ.

ವಾಡಿಯಲ್ಲಿ ಗಂಡಸರ ಪಂಕ್ತಿ ಕೂತಿತ್ತು. ಹೆಂಗಸರು ಬಡಿಸಲು ಸಾಲಾಗಿ ನಿಂತಿದ್ದರು. ಸುದ್ದಿ ಆಗಲೇ ತಲುಪಿತ್ತು. ಬೆಟ್ಟದಿಂದ ಬಂದ ನೆಂಟರನ್ನು ಬಾಗಿಲಲ್ಲೇ ಕಳಿಸಿದ್ರಂತೆ, ಮುಟ್ಟಿದ್ರೆ ಮೈಲಿಗೆಯಾಗ್ತಿತ್ತೇನೋ ಎಂದು ಪ್ರಭಾಕಾಕಿ ಹಸುಮತಿಬೇನ್‌ಗೆ ಕೇಳುವಂತೆ ಪೂರಿಯ ಬುಟ್ಟಿಗೆ ಹೇಳಿದರು. ಹಸುಮತಿಬೇನ್ ದಾಲಿನ ಬಕೆಟ್ಟು ಎತ್ತಿಕೊಂಡರು. ಇದು ಮೈಲಿಗೆಯ ಮಾತಲ್ಲ ಎಂದು ಎಷ್ಟು ಜನರಿಗೆ ಬಿಡಿಸಿ ಹೇಳುವುದು? ಅದೂ ಅಲ್ಲದೆ, ಹೆಸರು ಬೇರೆಯಾಗಿದ್ದರೆ ಈ ಪಂಕ್ತಿ ಆತನನ್ನು ಕೂರಿಸಿಕೊಳ್ಳುತ್ತಿತ್ತೇ ಎಂದು ತಮ್ಮನ್ನೇ ಕೇಳಿಕೊಂಡರು. ಕೂರಿಸಿಕೊಳ್ಳುತ್ತಿರಲಿಲ್ಲ.

ತ್ರಿಕಮಲಾಲರು ಎದ್ದು ನಿಂತರು. ಮಕ್ಕಳು ಕತೆಯ ಮೊದಲ ಸಾಲನ್ನು ಅವರಿಗಿಂತ ಮುಂಚೆಯೇ ಪಿಸುಗುಟ್ಟುತ್ತಿದ್ದವು. ಅವರು ಕೆಮ್ಮಿದರು, ಟೋಪಿ ಸರಿಮಾಡಿಕೊಂಡರು.

"ಇವತ್ತು ಕತೆ ಇಲ್ಲ" ಎಂದರು. "ಒಂದು ಮಾತಿದೆ. ಪೋಶೀನಾ ಕಡೆ ಖರಾದಿ ಅನ್ನೋ ಜನ ಇದ್ದಾರೆ. ನಮಗಿಂತ ಜಾಸ್ತಿ ಇದ್ದಾರೆ. ಅವರು ನಮ್ಮವರಲ್ಲ. ಅವರ ದೇವರು ಬೇರೆ, ಅವರ ಮಣ್ಣು ಬೇರೆ. ಬೆಟ್ಟಕ್ಕೆ ಹೋದ ತಮ್ಮನ ಕತೆ ನಾನು ನಮ್ಮಪ್ಪನಿಂದ ಕೇಳಿದ್ದು. ಅಪ್ಪ ಯಾರಿಂದ ಕೇಳಿದ್ರೋ ಗೊತ್ತಿಲ್ಲ. ಈ ವಾರ ಯಾರಾದ್ರೂ ಬಂದು ಕೇಳಿದ್ರೆ, ಎಲ್ಲರೂ ಇದನ್ನೇ ಹೇಳಬೇಕು. ನಾನೂ ಇದನ್ನೇ ಹೇಳ್ತೀನಿ."

ಹಿಂದಿನ ಸಾಲಿನಿಂದ ಮೊಬೈಲ್ ಅಂಗಡಿಯವನು, ಹಾಗಾದ್ರೆ ಭೂಮಿ ಮೇಲಿನ ಖರಾದಿಗಳೆಲ್ಲ ಏನಾದ್ರು, ದಾದಾ, ಎಂದು ಕೀಟಲೆ ಮಾಡಿದ.

"ಇದ್ದಲ್ಲಿ ಚೆನ್ನಾಗಿರಲಿ" ಎಂದು ತ್ರಿಕಮಲಾಲರು ಕೂತುಬಿಟ್ಟರು.

ಬಡಿಸುವುದು ಶುರುವಾಯಿತು. ಮೊದಲ ತಟ್ಟೆ ಯಾವತ್ತೂ ಅಧ್ಯಕ್ಷರದು: ಪೂರಿ, ಆಲೂ ಪಲ್ಯ, ಮೋಹನಥಾಳ ಮಿಠಾಯಿಯ ದೊಡ್ಡ ತುಂಡು, ಅನ್ನಕ್ಕೆ ದಾಲು. ಹಸುಮತಿಬೇನ್ ದಾಲು ಹೊಯ್ದು ಪಂಕ್ತಿಯ ಕೊನೆಯವರೆಗೆ ಹೋದರು. ಪಂಕ್ತಿ ಮುಗಿದೊಡನೆ ಒಂದು ಡಬ್ಬಿಯಲ್ಲಿ ಊಟ ಕಟ್ಟಿ ನಿಲ್ದಾಣಕ್ಕೆ ಕಳಿಸಬೇಕು, ಬಸ್ಸು ಅಷ್ಟು ಹೊತ್ತು ಕಾದರೆ, ಎಂದು ಲೆಕ್ಕ ಹಾಕುತ್ತಾ ತಿರುಗಿ ಬಂದರೆ ಅಧ್ಯಕ್ಷರ ಜಾಗ ಖಾಲಿ. ತಟ್ಟೆಯೂ ಇರಲಿಲ್ಲ.

ಅವರು ಬಕೆಟ್ಟು ಪ್ರಭಾಕಾಕಿಯ ಕೈಗೆ ಕೊಟ್ಟು ವಾಡಿಯ ಬಾಗಿಲಿಗೆ ಬಂದರು. ರಸ್ತೆಯಾಚೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಹರ್ಮಾಭಾಯಿ ಒಬ್ಬನೇ ಕೂತಿದ್ದ. ಬರಿಗಾಲಲ್ಲಿ ಬಿಸಿ ಡಾಂಬರು ದಾಟಿ ಭಾವ ಹೋಗುತ್ತಿದ್ದರು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ದಾಲು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಹತ್ತಿರ ಹೋದಾಗ ಹರ್ಮಾಭಾಯಿ ಎದ್ದು ನಿಂತ. ಅವರು ಕೂರು ಎಂದು ಗಲ್ಲದಲ್ಲೇ ಸನ್ನೆ ಮಾಡಿ, ತಟ್ಟೆಯನ್ನು ಅವನ ಕೈಗೆ ಕೊಟ್ಟರು.